ಒಂದೇ ಪತ್ರ, ಎರಡು ಪುಟ: ಇಳಕಲ್ ಸೀರೆ ಅಂಗಡಿಯ ಲೆಕ್ಕ

ಇಳಕಲ್ಲಿನಲ್ಲಿರುವ ನಮ್ಮ ಸೋದರಮಾವನ ಸೀರೆ ಅಂಗಡಿಯ ಇ-ಮೇಲ್ ಕೆಲಸವನ್ನು ನಾನು ಬಾಗಲಕೋಟೆಯ ನವನಗರದಲ್ಲಿ ಕುಳಿತು ನೋಡಿಕೊಳ್ಳುತ್ತೇನೆ. ಪಟ್ಟಿ ದೊಡ್ಡದೇನಲ್ಲ, ಬಿಲ್ ಮಾಡಿಸುವಾಗ ತಾವಾಗಿಯೇ ವಿಳಾಸ ಬರೆದುಕೊಟ್ಟ ಸುಮಾರು 2,000 ಗಿರಾಕಿಗಳು ಅದರಲ್ಲಿದ್ದಾರೆ. ಹೆಣ್ಣುಮಕ್ಕಳು ತವರಿಗೆ ಬರುವ ನಾಗರ ಪಂಚಮಿಗೆ ಮೊದಲು ಒಂದು ಪತ್ರ, ದೀಪಾವಳಿಗೆ ಮೊದಲು ಒಂದು, ಯುಗಾದಿಗೆ ಮೊದಲು ಇನ್ನೊಂದು, ಹೀಗೆ ವರ್ಷಕ್ಕೆ ಮೂರು ದೊಡ್ಡ ಪತ್ರಗಳು ಹೋಗುತ್ತವೆ. ಪತ್ರದ ಲಿಂಕ್ ಒತ್ತಿದವರು ಮೊದಲು ಬಂದು ಇಳಿಯುವ ಪುಟವನ್ನು, ಅಂದರೆ ಲ್ಯಾಂಡಿಂಗ್ ಪೇಜನ್ನು, ಪರೀಕ್ಷಿಸಲು ಹೋಗಿ ನಾನು ಮಾಡಿದ ತಪ್ಪುಗಳ ವಿವರ ಇಲ್ಲಿದೆ.

ಮೊದಲನೆಯ ತಪ್ಪಿಗೆ ಪರೀಕ್ಷೆಯೇ ಬೇಕಿರಲಿಲ್ಲ. ಪತ್ರದಲ್ಲಿ ಕೆಂಪು ನೆಲದ ಮೇಲೆ ಬಿಳಿ ಗೋಪುರಗಳಂತೆ ಕಾಣುವ ತೋಪತೆನಿ ಸೆರಗಿನ ಚಿತ್ರ ಹಾಕಿ, ಲಿಂಕನ್ನು ಮಾತ್ರ ಅಂಗಡಿಯ ಮುಖಪುಟಕ್ಕೆ ಕೊಟ್ಟಿದ್ದೆ. ಅಲ್ಲಿ ಹತ್ತಾರು ಸೀರೆಗಳ ನಡುವೆ ಆ ಸೆರಗು ಎಲ್ಲಿದೆಯೆಂದು ಹುಡುಕುವಷ್ಟು ತಾಳ್ಮೆ ಯಾರಿಗಿದ್ದೀತು? ಮಾವ ಇದನ್ನು ಕೇಳಿ, "ಆಕಿ ಬೇಡಿದ ಸೀರಿ ಬಿಟ್ಟು ಇಡೀ ಕಪಾಟ ತಗದ ಹಾಕಿದ್ರ ಎದ್ದ ಹೋಗತಾಳಪ್ಪಾ" ಎಂದರು. ಪತ್ರದಲ್ಲಿ ಕಂಡ ಚಿತ್ರ, ಮಾತು, ಬೆಲೆ ಮೂರೂ ಪುಟ ತೆರೆದ ಕೂಡಲೇ ಮೊಬೈಲಿನ ಮೊದಲ ಪರದೆಯಲ್ಲಿಯೇ ಕಾಣಬೇಕು. ಪುಟ ತೆರೆಯಲು ತಡವಾಗುವುದು, ಹಣ ಕಟ್ಟುವಲ್ಲಿ ಯುಪಿಐ ಇಲ್ಲದಿರುವುದು ಇಂಥವೂ ಕಂಡ ಕೂಡಲೇ ಸರಿಪಡಿಸಬೇಕಾದ ಕೊರತೆಗಳೇ ಹೊರತು ಎರಡು ಬಗೆ ಮಾಡಿ ಹೋಲಿಸಿ ನೋಡಬೇಕಾದವಲ್ಲ.

ಅವನ್ನೆಲ್ಲ ಸರಿಪಡಿಸಿದ ಮೇಲೆ ಉಳಿದದ್ದು ನಿಜವಾಗಿಯೂ ನಮಗೆ ಉತ್ತರ ತಿಳಿಯದ ಪ್ರಶ್ನೆ. ಒಂದು ಪುಟ ಬೆಲೆ, ನೂಲು, ಅಳತೆಗಳಿಂದ ಆರಂಭವಾಗುತ್ತದೆ. ಇನ್ನೊಂದು, ಸೀರೆಯ ಒಡಲಿನ ಹಾಸುನೂಲಿಗೆ ಸೆರಗಿನ ರೇಷ್ಮೆಯ ಹಾಸುನೂಲನ್ನು ಕೊಂಡಿ ಹಾಕಿ ಜೋಡಿಸುವ ಕೆಲಸವನ್ನು ಮೊದಲು ತೋರಿಸಿ, ಬೆಲೆಯನ್ನು ಅದರ ಕೆಳಗೆ ಹೇಳುತ್ತದೆ. ಎರಡನೆಯದೇ ಗೆಲ್ಲುತ್ತದೆ ಎಂಬುದು ನನ್ನ ನಂಬಿಕೆಯಾಗಿತ್ತು. ಬರೆದವನು ನಾನೇ ಆದ್ದರಿಂದ ಆ ನಂಬಿಕೆಗೆ ಬೆಲೆ ಕಡಿಮೆ.

ಪಟ್ಟಿಯನ್ನು ಎರಡು ಪಾಲು ಮಾಡುವಲ್ಲಿ ದೊಡ್ಡದಾಗಿ ಎಡವಿದೆ. ಪಟ್ಟಿ ಇರುವ ಕಂಪ್ಯೂಟರ್ ಹಾಳೆಯ ಮೇಲ್ಭಾಗದ 1,000 ವಿಳಾಸಗಳಿಗೆ ಮೊದಲನೆಯ ಪುಟದ ಲಿಂಕನ್ನು ಬೆಳಿಗ್ಗೆಯೂ, ಕೆಳಗಿನ 1,000ಕ್ಕೆ ಎರಡನೆಯದನ್ನು ಸಂಜೆಯೂ ಕಳಿಸಿದೆ. ಮೇಲಿನ ಸಾವಿರ ಮಂದಿ ಹಳೆಯ ಗಿರಾಕಿಗಳು, ಕೆಳಗಿನವರು ಇತ್ತೀಚೆಗೆ ಸೇರಿದವರು ಎಂಬುದು ಆಮೇಲೆ ಹೊಳೆಯಿತು. ಇದು ಎರೆ ಹೊಲದಲ್ಲಿ ಒಂದು ಬೀಜ, ಮಸಾರಿ ಹೊಲದಲ್ಲಿ ಇನ್ನೊಂದು ಬೀಜ ಬಿತ್ತಿ, ಯಾವ ಬೀಜ ಒಳ್ಳೆಯದೆಂದು ಕೇಳಿದಂತೆ. ಬೆಳೆಯ ವ್ಯತ್ಯಾಸ ಬೀಜದ್ದೋ ಮಣ್ಣಿನದೋ ಹೇಳುವವರಾರು? ಈ ಹೋಲಿಕೆ ನನ್ನ ಕಲ್ಪನೆಯಷ್ಟೇ ಅಲ್ಲ, ಈ ವಿದ್ಯೆ ಬಂದದ್ದೇ ಹೊಲದಿಂದ. 1919ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರವನ್ನು ಸೇರಿದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್, ಯಾವ ಮಡಿಗೆ ಯಾವ ಗೊಬ್ಬರ ಎಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿಯೇ ನಿರ್ಧರಿಸಬೇಕೆಂದು ಹಟ ಹಿಡಿದರು. ಹಾಳೆಯಲ್ಲಿ ಪ್ರತಿ ವಿಳಾಸದ ಮುಂದೆ ಒಂದು ಯಾದೃಚ್ಛಿಕ ಸಂಖ್ಯೆ ಹಾಕಿ, ಅದರ ಕ್ರಮದಲ್ಲಿ ಜೋಡಿಸಿ, ಅರ್ಧಕ್ಕೆ ಕತ್ತರಿಸಿದರೆ ಅದೇ ಕೆಲಸವಾಗುತ್ತದೆ. ಎರಡೂ ಪಾಲಿಗೆ ಒಂದೇ ಹೊತ್ತಿಗೆ, ಒಂದೇ ತಲೆಬರಹದ ಪತ್ರ ಹೋಗಬೇಕು. ಬೇರೆಯಾಗಿರಬೇಕಾದದ್ದು ಲಿಂಕ್ ಮಾತ್ರ.

ಇ-ಮೇಲಿನ ಒಂದು ಅನುಕೂಲವನ್ನು ಇಲ್ಲಿ ಹೇಳಲೇಬೇಕು. ಸಾಮಾನ್ಯ ವೆಬ್ ಪುಟದ ಪರೀಕ್ಷೆಯಲ್ಲಿ ಬಂದವರನ್ನು ಕುಕಿಯಿಂದ, ಅಂದರೆ ಅವರ ಬ್ರೌಸರಿನಲ್ಲಿ ಇಟ್ಟ ಸಣ್ಣ ಗುರುತಿನಿಂದ, ಗುರುತಿಸುತ್ತಾರೆ. ಒಬ್ಬಳೇ ಗಿರಾಕಿ ಮಧ್ಯಾಹ್ನ ಮೊಬೈಲಿನಲ್ಲಿ ಒಂದು ಪುಟವನ್ನೂ ರಾತ್ರಿ ಲ್ಯಾಪ್‌ಟಾಪಿನಲ್ಲಿ ಇನ್ನೊಂದನ್ನೂ ನೋಡಿ, ಇಬ್ಬರಾಗಿ ಎಣಿಕೆಗೆ ಬರಬಹುದು. ನಾವು ವಿಳಾಸಗಳನ್ನೇ ಹಂಚಿರುವುದರಿಂದ, ಆಕೆ ಪತ್ರವನ್ನು ಎಲ್ಲಿ ತೆರೆದರೂ ಸಿಗುವುದು ಒಂದೇ ಪುಟ.

ಏನನ್ನು ಎಣಿಸಬೇಕು ಎಂಬುದರಲ್ಲಿಯೂ ನಾನು ದಾರಿ ತಪ್ಪಿದ್ದೆ. ಪತ್ರದೊಳಗಿನ ಚಿತ್ರ ಇಳಿದರೆ ಪತ್ರ ತೆರೆದಂತೆ ಎಂಬುದು ತೆರೆದ ಪತ್ರಗಳ ಲೆಕ್ಕ. 2021ರ ಸೆಪ್ಟೆಂಬರಿನಲ್ಲಿ ಐಫೋನಿನ ತಂತ್ರಾಂಶ ಐಒಎಸ್ 15ರೊಂದಿಗೆ ಬಂದ ಆ್ಯಪಲ್ ಮೇಲ್‌ನ ಗೋಪ್ಯತಾ ವ್ಯವಸ್ಥೆಯು ಪತ್ರದ ಚಿತ್ರಗಳನ್ನು ತಾನೇ ಮೊದಲೇ ತರಿಸಿಕೊಳ್ಳುವುದರಿಂದ, ಓದದ ಪತ್ರವೂ ತೆರೆದ ಪತ್ರವೆಂದು ದಾಖಲಾಗುತ್ತದೆ. ಕ್ಲಿಕ್ಕುಗಳ ಗತಿಯೂ ಪೂರ್ತಿ ನೆಟ್ಟಗಿಲ್ಲ. ಕೆಲವು ಕಚೇರಿಗಳ ಭದ್ರತಾ ತಂತ್ರಾಂಶಗಳು ಅಪಾಯವಿದೆಯೇ ಎಂದು ನೋಡಲು ಲಿಂಕುಗಳನ್ನು ತಾವೇ ತೆರೆಯುತ್ತವೆ. ಆದ್ದರಿಂದ ಈಗ ನಾನು ಭಾಗಿಸುವುದು ಕ್ಲಿಕ್ಕಿನಿಂದಲ್ಲ, ಪತ್ರ ಕಳಿಸಿದವರ ಸಂಖ್ಯೆಯಿಂದ. ಎಣಿಸುವುದು ಹಣ ಬಂದ ಆರ್ಡರುಗಳನ್ನು ಮಾತ್ರ.

ಅದರಲ್ಲಿಯೂ ಒಂದು ತೂತು ಇತ್ತು. ನಮ್ಮ ಗಿರಾಕಿಗಳಲ್ಲಿ ಅನೇಕರು ಪುಟ ನೋಡಿ, ಗುಂಡಿ ಒತ್ತದೆ, ಅಂಗಡಿಗೆ ಫೋನ್ ಮಾಡಿ "ಆ ಬಣ್ಣ ಐತೇನ್ರಿ" ಎಂದು ಕೇಳುತ್ತಾರೆ. ಸೀರೆ ಮಾರಾಟವಾಗುತ್ತದೆ, ಆದರೆ ಪುಟದ ಲೆಕ್ಕಕ್ಕೆ ಬರುವುದಿಲ್ಲ. ಕೊನೆಗೆ ಎರಡು ಪುಟಗಳಲ್ಲಿ ಎರಡು ಬೇರೆ ಬೇರೆ ಫೋನ್ ನಂಬರ್ ಹಾಕಿ, ಯಾವ ನಂಬರಿಗೆ ಕರೆ ಬಂತೆಂದು ಮಾವನೇ ವಹಿಯಲ್ಲಿ ಗೆರೆ ಎಳೆಯುವಂತೆ ಮಾಡಿದೆವು. ನಾನು ಕಂಡ ಅಳತೆಯ ಸಾಧನಗಳಲ್ಲಿ ಅತ್ಯಂತ ನಂಬಿಗಸ್ತವಾದದ್ದು ಆ ವಹಿಯೇ.

ಸರಿಯಾಗಿ ಹಂಚಿ ಕಳಿಸಿದ ಮೊದಲ ಪತ್ರದಲ್ಲಿ, 1,000 ಜನರ ಪ್ರತಿ ಪಾಲಿನಿಂದ ಬೆಲೆಯ ಪುಟಕ್ಕೆ 18, ಕೊಂಡಿಯ ಪುಟಕ್ಕೆ 11 ಆರ್ಡರುಗಳು ಬಂದವು. ಮಾವ ಆಗಲೇ ಬೆಲೆಯ ಪುಟ ಗೆದ್ದಿತೆಂದು ತೀರ್ಪು ಕೊಟ್ಟರು. ಲೆಕ್ಕ ಹಾಕಿ ನೋಡಿದರೆ, ಎರಡೂ ಪುಟಗಳು ಗುಣದಲ್ಲಿ ಸಮವೇ ಆಗಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚಿನ ಅಂತರ ಐದು ಸಲಕ್ಕೆ ಸುಮಾರು ಒಂದು ಸಲ ಬರೀ ಅದೃಷ್ಟದಿಂದಲೇ ಬರುತ್ತದೆ. ಶೇ. 1ರಷ್ಟಿರುವ ಖರೀದಿ ಶೇ. 2ಕ್ಕೆ ಏರಿದ್ದನ್ನು, ಅಂದರೆ ಇಮ್ಮಡಿಯಾದದ್ದನ್ನು, ರೂಢಿಯ ಶೇ. 95 ವಿಶ್ವಾಸಮಟ್ಟದಲ್ಲಿ (ಅಂದರೆ ಪುಟಗಳು ಸಮವಾಗಿದ್ದಾಗ ಬರೀ ಅದೃಷ್ಟವನ್ನು ಗೆಲುವೆಂದು ನಂಬುವ ಸಂಭವ ಇಪ್ಪತ್ತರಲ್ಲಿ ಒಂದಕ್ಕೆ ಮೀರದಂತೆ), ಐದರಲ್ಲಿ ನಾಲ್ಕು ಸಲವಾದರೂ ಹಿಡಿಯಬೇಕೆಂದರೆ ಪ್ರತಿ ಪುಟಕ್ಕೆ ಸುಮಾರು 2,300 ಜನ ಬೇಕು. ಶೇ. 1ರಿಂದ 1.2ಕ್ಕೆ ಏರಿದ್ದನ್ನು ಹಿಡಿಯಲು ಪ್ರತಿ ಪುಟಕ್ಕೆ ಸುಮಾರು 43,000 ಜನ ಬೇಕು. ಗುಂಡಿಯ ಬಣ್ಣವನ್ನು ಹಸಿರಿನಿಂದ ಕೇಸರಿಗೆ ತಿರುಗಿಸಿ ಗೆಲುವು ಸಾರುವ ಸಣ್ಣ ಅಂಗಡಿಗಳ ಬಗ್ಗೆ ನನಗೆ ಸಂಶಯ ಹುಟ್ಟಿದ್ದು ಈ ಲೆಕ್ಕದಿಂದಲೇ. ನಮ್ಮಂಥ ಪಟ್ಟಿಯವರು ಬೆಲೆಯನ್ನು ಮೊದಲು ಹೇಳುವುದೋ ಬೇಡವೋ, ಸಾಗಣೆ ವೆಚ್ಚವನ್ನು ಸೇರಿಸುವುದೋ ಬಿಡುವುದೋ ಎಂಬಂಥ ದೊಡ್ಡ ಭೇದಗಳನ್ನಷ್ಟೇ ಪರೀಕ್ಷಿಸಬೇಕು.

ಆದ್ದರಿಂದ ಅದೇ ಎರಡು ಪುಟಗಳನ್ನು ಇನ್ನೂ ಎರಡು ಹಬ್ಬದ ಪತ್ರಗಳಲ್ಲಿ ಕಳಿಸುವುದೆಂದು, ಪ್ರತಿ ಸಲವೂ ಹೊಸದಾಗಿ ಚೀಟಿ ಎತ್ತಿ ಹಂಚುವುದೆಂದು, ಮೂರೂ ಮುಗಿದ ಮೇಲೆ ಒಂದೇ ಸಲ ಕೂಡಿಸಿ ನೋಡುವುದೆಂದು ಮೊದಲೇ ಬರೆದಿಟ್ಟುಕೊಂಡಿದ್ದೇವೆ. ನಡುನಡುವೆ ಇಣುಕಿ, ಅಂತರ ದೊಡ್ಡದಾಗಿ ಕಂಡ ದಿನವೇ ನಿಲ್ಲಿಸಿಬಿಟ್ಟರೆ, ಅದೃಷ್ಟವನ್ನೇ ಗೆಲುವೆಂದು ನಂಬುವ ಸಂಭವ ಪ್ರತಿ ಇಣುಕಿಗೂ ಬೆಳೆಯುತ್ತದೆ. ಮಾವ ಮಾತ್ರ ದಿನವೂ ಸಂಜೆ ಫೋನ್ ಮಾಡಿ ಯಾವುದು ಮುಂದಿದೆಯೆಂದು ಕೇಳುತ್ತಾರೆ. ಹಾಳೆಯ ಪಾಸ್‌ವರ್ಡನ್ನು ನಾನು ಅವರಿಗೆ ಕೊಟ್ಟಿಲ್ಲ. ವಹಿಯ ಗೆರೆಗಳನ್ನು ಅವರು ಎಣಿಸುತ್ತಿರುವುದನ್ನು ತಡೆಯಲು ನನ್ನಿಂದ ಆಗಿಲ್ಲ.