ಕುಣಿ ಮಗ್ಗದ ಮೇಲಿನ ಟೈಲ್ಸ್

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಗದಗಿನ ಜೋಡಿ ಊರು ಬೆಟಗೇರಿಯ ನಮ್ಮ ಮನೆಯಲ್ಲಿ ಎಲ್ಲರೂ ಊಟ ಮುಗಿಸಿ ಅಡ್ಡಾಗಿದ್ದೆವು. ಫಟ್ ಅಂತ ದೊಡ್ಡ ಸದ್ದಾಯಿತು. ಅವ್ವ ಕುಕ್ಕರ್ ಸಿಡಿಯಿತು ಅಂದುಕೊಂಡು ಅಡುಗೆಮನೆಗೆ ಓಡಿದಳು. ಕುಕ್ಕರ್ ತಣ್ಣಗೆ ಕೂತಿತ್ತು. ಹಾಲ್‌ನ ನಡುವೆ ಎರಡು ಟೈಲ್ಸ್ ಮಾತ್ರ ಒಂದಕ್ಕೊಂದು ತಲೆ ಕೊಟ್ಟು, ಡೇರೆ ಹೊಡೆದ ಹಾಗೆ ಎದ್ದು ನಿಂತಿದ್ದವು. ಹಾಕಿಸಿ ನಾಲ್ಕು ವರ್ಷವೂ ಆಗಿರಲಿಲ್ಲ.

ಕಿಟಕಿ ಹತ್ತಿರ ಬೇರೆಯದೇ ಕಥೆ. ಅಲ್ಲಿ ನಾಲ್ಕೈದು ಟೈಲ್ಸ್ ಮೆಲ್ಲಗೆ ಕುಸಿದು ತಟ್ಟೆಯಂತೆ ತಗ್ಗಾಗಿದ್ದವು. ನೆಲ ಒರೆಸಿದರೆ ನೀರು ಅಲ್ಲೇ ನಿಲ್ಲುತ್ತಿತ್ತು. ನಾನು ಕಂಪನಿಗೆ ಬೈದೆ, ಮಾಲು ಸರಿಯಿಲ್ಲ ಅಂದೆ. ಹಾಗೆ ಬೈಯುತ್ತಲೇ ಒಬ್ಬ ಹಿರಿಯ ಗೌಂಡಿಯನ್ನು ಕರೆಸಿದೆ. ನಾವೆಲ್ಲ ಅವರನ್ನು ಕಾಕಾ ಅಂತಲೇ ಕರೆಯುವುದು.

ಕಾಕಾ ಬಂದವರೇ ಚಹಾ ಬೇಡ ಅಂದರು. ಜೇಬಿನಿಂದ ಒಂದು ರೂಪಾಯಿ ನಾಣ್ಯ ತೆಗೆದು ಒಂದೊಂದೇ ಟೈಲ್ಸ್ ಮೇಲೆ ಬಡಿಯುತ್ತಾ ಹೋದರು. ಗಟ್ಟಿ ಕೂತದ್ದು ಟಕ್ ಅನ್ನುತ್ತಿತ್ತು. ಪೊಳ್ಳು ಇದ್ದದ್ದು ಡಬ್ ಅನ್ನುತ್ತಿತ್ತು, ತಬಲಾದ ಎಡಗೈ ಥರ. ಡಬ್ ಅಂದ ಕಡೆಗೆಲ್ಲ ಸೀಮೆಸುಣ್ಣದಿಂದ ಗೀಟು. ಹಾಲ್‌ನಲ್ಲಿ ಇರುವುದು 48 ಟೈಲ್ಸ್. ಗೀಟು ಬಿದ್ದದ್ದು 19ಕ್ಕೆ.

"ಟೈಲ್ಸ್‌ದೇನ್ ತಪ್ಪಿಲ್ರೀ," ಅಂದರು. ಎದ್ದು ನಿಂತಿದ್ದ ಒಂದನ್ನು ತಿರುವಿ ತೋರಿಸಿದರು. ಹಿಂಬದಿ ಹೊಸದರಂತೆ ಸ್ವಚ್ಛ. ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು, ಐದು ಸಿಮೆಂಟ್ ಉಂಡೆಯ ಗುರುತು ಬಿಟ್ಟರೆ ಏನೂ ಅಂಟಿರಲಿಲ್ಲ. ಉಂಡೆಗಳು ನೆಲದ ಮೇಲೇ ಉಳಿದಿದ್ದವು, ಹಬ್ಬಕ್ಕೆ ಕಟ್ಟಿಟ್ಟ ಹಾಗೆ. ನಮ್ಮಲ್ಲಿ ಹಾಕಿದ್ದು ವಿಟ್ರಿಫೈಡ್, ಅಂದರೆ ಗಾಜಿನಂತೆ ಬಿಗಿಯಾಗುವ ಹಾಗೆ ಸುಟ್ಟ ಟೈಲ್ಸ್. ಅವು ನೀರು ಹೀರುವುದು ಶೇಕಡಾ 0.5ಕ್ಕಿಂತ ಕಡಿಮೆ. ಹೀರದಿದ್ದರೆ ಬರೀ ಸಿಮೆಂಟ್ ಹಾಲಿಗೆ, ಅಂದರೆ ನೀರಲ್ಲಿ ಕಲಸಿದ ತೆಳು ಸಿಮೆಂಟಿಗೆ, ಹಿಡಿತ ಎಲ್ಲಿಂದ ಬರಬೇಕು? ಅದಕ್ಕೆ ಪಾಲಿಮರ್ ಬೆರೆತ ಅಂಟೇ ಬೇಕು, ಅದೂ ಟೈಲ್ಸ್‌ನ ಇಡೀ ಬೆನ್ನಿಗೆ ಹತ್ತಬೇಕು.

ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಆಗ ತಮ್ಮನ ಮದುವೆಗೆ ಒಂಬತ್ತು ದಿನ ಉಳಿದಿತ್ತು. ಮೊದಲಿನ ಗೌಂಡಿಗೆ ಬೇಗ ಮುಗಿಸು ಅಂದವನು ನಾನು. ಜೋಡಣೆ ಕಾಣಲೇಬಾರದು, ಒತ್ತಿ ಒತ್ತಿ ಕೂಡಿಸು ಅಂದವನೂ ನಾನೇ. ಗದಗಿನ ಬಿಸಿಲು ನಿಮಗೆ ಗೊತ್ತೇ ಇದೆ. ಕಾದ ಟೈಲ್ಸ್ ಕೂದಲೆಳೆಯಷ್ಟು ಹಿಗ್ಗುತ್ತವೆ. ಹಿಗ್ಗಿದ್ದಕ್ಕೆ ಸಂದಿ ಇಲ್ಲ, ಗೋಡೆಗೂ ಬಿಡುವಿಲ್ಲ, ಕೆಳಗೆ ಹಿಡಿತವೂ ಇಲ್ಲ. ಉಳಿದದ್ದು ಮೇಲೇಳುವುದೊಂದೇ ದಾರಿ.

ಕಿಟಕಿ ಕಡೆ ಕಿತ್ತಾಗ ಕಾಕಾ ಹಾರೆ ಹಾಕಿದರು. ಕಾಂಕ್ರೀಟ್ ಅನ್ನುವುದು ಎರಡು ಬೆರಳು ದಪ್ಪ ಇತ್ತು ಅಷ್ಟೇ. ಆಮೇಲೆ ಹಾರೆ ಬೆಣ್ಣೆಯಲ್ಲಿ ಇಳಿದಂತೆ ಮೊಣಕೈ ಉದ್ದ ಇಳಿಯಿತು. ಕಾಕಾ ನನ್ನ ಮುಖ ನೋಡಿದರು. ನಾನು ಅವ್ವನ ಮುಖ ನೋಡಿದೆ.

"ಅಲ್ಲೇ ಅಲ್ಲೇನೋ ನಿಮ್ಮಜ್ಜನ ಮಗ್ಗ ಇದ್ದದ್ದು," ಅಂದಳು ಅವ್ವ.

ಮರೆತೇ ಹೋಗಿತ್ತು. ನಮ್ಮದು ನೇಕಾರರ ಮನೆ. ಅಜ್ಜ ಕುಣಿ ಮಗ್ಗದಲ್ಲಿ ಸೀರೆ ನೇಯುತ್ತಿದ್ದ. ನೇಯುವವನು ನೆಲದ ಮಟ್ಟಕ್ಕೆ ಕೂತು, ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ತುಳಿಯುವ ಮಗ್ಗ ಅದು. ಬೆಳಕು ಬೇಕಲ್ಲ, ಅದಕ್ಕೇ ಕಿಟಕಿ ಪಕ್ಕ. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಮಗ್ಗ ಬಿಚ್ಚಿ ಕುಣಿ ಮುಚ್ಚಿದ್ದರು. ಏನು ಸಿಕ್ಕಿತೋ ಅದನ್ನು ತುಂಬಿದ್ದರು: ಒಡೆದ ಹೆಂಚು, ಮಡಕೆ ಚೂರು, ಮೇಲೆ ಹಿತ್ತಲಿನ ಎರೆ ಮಣ್ಣು. ಎರೆ ಮಣ್ಣಿನ ಗುಣ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಹೊಲದಲ್ಲಿ ಕಡಲೆ ಜೋಳಕ್ಕೆ ಒಳ್ಳೆಯದೇ. ಟೈಲ್ಸ್ ಕೆಳಗೆ ಬೇಡ.

ಇಡೀ ದಿನ ಕುಣಿ ಬಗೆದದ್ದೇ ಆಯಿತು. ಮೂರನೇ ಬುಟ್ಟಿಯೋ ನಾಲ್ಕನೆಯದೋ, ಮಗ್ಗದಲ್ಲಿ ನೂಲು ಹಾಯಿಸುವ ಒಂದು ಲಾಳಿ ಸಿಕ್ಕಿತು. ಕಟ್ಟಿಗೆ ಅರ್ಧ ತಿಂದುಹೋಗಿತ್ತು, ತುದಿಯ ಕಬ್ಬಿಣಕ್ಕೆ ತುಕ್ಕು. ಅವ್ವ ಅದನ್ನು ಸೆರಗಿನಲ್ಲಿ ಒರೆಸಿಕೊಂಡು ಒಳಗೆ ಹೋದಳು, ಏನೂ ಮಾತಾಡಲಿಲ್ಲ. ಕಾಕಾ ಬೀಡಿ ಹಚ್ಚಿದರು.

ಮರುದಿನದಿಂದ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು, ತುಂಬಿಸಿದೆವು. ಒಂದೇ ಸಲ ಸುರಿಯಲು ಕಾಕಾ ಬಿಡಲಿಲ್ಲ. ಆರು ಇಂಚು ಹಾಕು, ನೀರು ಚಿಮುಕಿಸು, ದಿಮ್ಮಸು ಬಡಿ, ಮತ್ತೆ ಆರು ಇಂಚು. ಮೊದಲಿಗೆ ದಿಮ್ಮಸು ಧಪ್ ಧಪ್ ಅನ್ನುತ್ತದೆ. ಗಟ್ಟಿಯಾದಂತೆ ಸದ್ದು ಸಣ್ಣಗಾಗಿ, ಕೊನೆಗೆ ಬಡಿದದ್ದು ಅಂಗೈಗೇ ತಿರುಗಿ ಬರುತ್ತದೆ. ನಾನೂ ಅರ್ಧ ಗಂಟೆ ಬಡಿದು ಎರಡು ದಿನ ಕೈ ಎತ್ತಲಾಗದೆ ಕೂತಿದ್ದೆ.

ಅದರ ಮೇಲೆ ನಾಲ್ಕು ಇಂಚು ಕಾಂಕ್ರೀಟ್. ಸುತ್ತ ಉಸುಕಿನ ಬದು ಕಟ್ಟಿ ಏಳು ದಿನ ನೀರು ನಿಲ್ಲಿಸಬೇಕು ಅಂದರು. ಗದಗ-ಬೆಟಗೇರಿಯಲ್ಲಿ ನಳದ ನೀರು ದಿನಾ ಬರುವುದಲ್ಲ, ಬಂದ ದಿನ ಕೊಡ ಕೊಡ ತುಂಬಿಟ್ಟುಕೊಳ್ಳುವವರು ನಾವು. ಕುಡಿಯುವ ನೀರನ್ನು ನೆಲಕ್ಕೆ ಹೊಯ್ಯುವುದು ಅಂದರೆ ಅವ್ವನಿಗೆ ಪಾಪದ ಕೆಲಸ. ಕೊನೆಗೆ ಒಪ್ಪಂದ ಆಯಿತು: ಅಕ್ಕಿ ತೊಳೆದ ನೀರಿನಿಂದ ಹಿಡಿದು ಸಾಬೂನು ಸೋಕದ ನೀರೆಲ್ಲ ಕಾಂಕ್ರೀಟಿಗೆ. ಕಾಕಾ ಸಾಬೂನಿನ ನೀರು, ಎಣ್ಣೆ ಜಿಡ್ಡು ಮಾತ್ರ ಬೇಡವೇ ಬೇಡ ಅಂದಿದ್ದರು.

ಒಣಗಿದ ಮೇಲೆ ಲೆವೆಲ್ ನೋಡುವ ಕೆಲಸ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಗುಳ್ಳೆ ಇಲ್ಲದಂತೆ ಮಾಡಿ, ನಾಲ್ಕು ಮೂಲೆಗೂ ಗುರುತು ಹಾಕಿದರು. ಬಾಗಿಲಿನಿಂದ ಹಿಂದಿನ ಮೂಲೆಗೆ ಒಂದೂಕಾಲು ಇಂಚು ಫರಕು! ಇಷ್ಟು ವರ್ಷ ಅದರ ಮೇಲೇ ಓಡಾಡಿದ್ದೇವೆ. ಆ ಫರಕನ್ನು ಅಂಟಿನಿಂದ ತುಂಬಬಾರದು, ಅಂಟು ಇರುವುದು ತೆಳ್ಳಗೆ ಹಿಡಿಯಲು. ತಗ್ಗು ತುಂಬುವುದು ಗಾರೆಯ ಕೆಲಸ. ಆಮೇಲೆ ಆರು ಅಡಿ ಅಲ್ಯುಮಿನಿಯಂ ಪಟ್ಟಿ ಇಟ್ಟು ಅದೇ ನಾಣ್ಯದ ಪರೀಕ್ಷೆ. ಪಟ್ಟಿಯ ಕೆಳಗೆ ಒಂದರ ಮೇಲೊಂದು ಎರಡು ನಾಣ್ಯ ನುಸುಳಿದರೆ, ಅಂದರೆ ಸುಮಾರು 3 ಮಿಲಿಮೀಟರ್ ಸಂದಿ ಇದ್ದರೆ, ಮತ್ತೆ ಉಜ್ಜು. ಅಂಗೈಯಿಂದ ಸವರಿ ಬೂದಿಯಂಥ ಪುಡಿ ಹತ್ತಿದರೆ ತಂತಿ ಬ್ರಷ್. ನನಗೆ ಇದೆಲ್ಲ ಅತಿ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಟೈಲ್ಸ್ ಹಾಕಲು ಹಿಡಿದದ್ದು ಎರಡೇ ದಿನ. 3 ಮಿಲಿಮೀಟರ್ ಸಂದಿ ಬಿಟ್ಟರು, ಗೋಡೆ ಗುಂಟ ಇನ್ನೂ ಸ್ವಲ್ಪ ಜಾಸ್ತಿ. ಅದು ಗೋಡೆ ಬುಡಕ್ಕೆ ಹಚ್ಚುವ ಪಟ್ಟಿಯ, ಸ್ಕರ್ಟಿಂಗ್‌ನ, ಹಿಂದೆ ಮುಚ್ಚಿಹೋಯಿತು. ಜೋಡಣೆ ಕಾಣುತ್ತದೆ. ಕಾಣಲಿ ಬಿಡಿ.

ಅಡುಗೆಮನೆ ಗೋಡೆಯದು ಇನ್ನೊಂದು ಗೋಳು. ಹಳೇ ಡಿಸ್ಟೆಂಪರ್ ಮೇಲೇ ಟೈಲ್ಸ್ ಅಂಟಿಸಿದ್ದರು, ಅವು ಡಿಸ್ಟೆಂಪರನ್ನೇ ಹೊತ್ತುಕೊಂಡು ಉದುರಿದ್ದವು. ಕಾಕಾ ಗೋಡೆಗೆ ಕೈಯಿಂದ ನೀರು ಚಿಮುಕಿಸಿದರು. ಹನಿ ಹೀರದೆ ಕೆಸುವಿನ ಎಲೆ ಮೇಲಿನಂತೆ ಜಾರಿದ ಕಡೆ ಬಣ್ಣ ಇನ್ನೂ ಇದೆ ಅಂತ ಅರ್ಥ, ಅಲ್ಲೆಲ್ಲ ಕೆರೆದು, ಹಿಡಿತ ಸಿಗಲಿ ಅಂತ ಕಚ್ಚು ಹೊಡೆದರು. ಮಣ್ಣಿನ ಗೋಡೆಗೆ ಇಟ್ಟಂಗಿ ಗೋಡೆ ಕೂಡುವ ಕಡೆ ಕೋಳಿ ಜಾಳಿಗೆ (ತೆಳು ತಂತಿಯ ಬಲೆ) ಬಡಿದು ಗಿಲಾಯಿ, ಅಂದರೆ ಪ್ಲಾಸ್ಟರ್, ಮಾಡಿದರು.

ಒಲೆಯ ಎಡಕ್ಕೆ ಒಂದು ಕಡೆ ಮಾತ್ರ ಅವರಿಗೆ ಅನುಮಾನ. ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಚ್ಚಿ ಒಂದು ದಿನ ಬಿಟ್ಟರು. ಮರುದಿನ ಹಾಳೆಯ ಒಳಗೆ ಹನಿ ಕಟ್ಟಿತ್ತು. ಗೋಡೆಯ ಆಚೆ ಪಕ್ಕದವರ ಬಚ್ಚಲು. ಅವರ ಪೈಪ್ ರಿಪೇರಿ ಆಗುವ ತನಕ ಇಲ್ಲಿ ಹಾಕಲ್ಲ ಅಂದುಬಿಟ್ಟರು ಕಾಕಾ. ಎಷ್ಟು ಹೇಳಿದರೂ ಕೇಳಲಿಲ್ಲ, ಆ ಎಂಟು ಟೈಲ್ಸ್ ಎಣಿಸಿ ಅವ್ವನ ಕೈಗೆ ಕೊಟ್ಟು ಹೋದರು.

ಪಕ್ಕದವರು ದೀಪಾವಳಿಗೆ ಮಾಡಿಸುತ್ತೇವೆ ಅಂದಿದ್ದರು. ಎರಡು ದೀಪಾವಳಿ ಆಯಿತು. ಸದ್ಯಕ್ಕೆ ಅಲ್ಲಿ ಕ್ಯಾಲೆಂಡರ್ ತೂಗು ಹಾಕಿದ್ದೇವೆ.