ಬೆಳಗ್ಗೆ ಮಾತ್ರ ಸತಾಯಿಸುವ ಜನರೇಟರ್

ಮನೆಯಂತೆ ಸಜ್ಜಾದ ಗಾಡಿ, ಅಂದರೆ ಮೋಟರ್‌ಹೋಮ್‌ನ ಪೆಟ್ರೋಲ್ ಜನರೇಟರ್ ಮಧ್ಯಾಹ್ನ ಒಂದೇ ಸೆಲ್ಫ್‌ಗೆ ಹತ್ತುತ್ತದೆ. ರಾತ್ರಿಯೆಲ್ಲ ಆಫ್ ಆಗಿದ್ದರೆ ಮಾತ್ರ ಬೆಳಗ್ಗೆ ಎಷ್ಟು ಸಲ ಸೆಲ್ಫ್ ಹೊಡೆದರೂ ಬರೀ ತಿರುಗುತ್ತದೆ, ಕೊನೆಗೆ ಕೆಮ್ಮಿಕೊಂಡು ಶುರುವಾಗುತ್ತದೆ. ಹೆಚ್ಚಿನವರು ಆಗ ಸ್ಪ್ಯಾನರ್ ಹಿಡಿದು ನೇರವಾಗಿ, ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್‌ಗೆ ಕೈ ಹಾಕುತ್ತಾರೆ. ನನ್ನ ಪ್ರಕಾರ ಅದು ಕೊನೆಗೆ ಬಿಚ್ಚಬೇಕಾದದ್ದು. ಕಾರ್ಬ್ಯುರೇಟರ್ ಕೆಟ್ಟಿದ್ದರೆ ಮಧ್ಯಾಹ್ನವೂ ಏನಾದರೊಂದು ತೊಂದರೆ ಕಾಣಿಸಬೇಕಿತ್ತು.

ಮೊದಲು ಪೆಟ್ರೋಲ್ ಮುಳ್ಳು ನೋಡಿ. ಗಾಡಿಯ ಟ್ಯಾಂಕಿನಿಂದಲೇ ಜನರೇಟರ್‌ಗೂ ಪೆಟ್ರೋಲ್ ಹೋಗುವ ಕಡೆ, ಟ್ಯಾಂಕಿನೊಳಗೆ ಅದರ ಪೈಪನ್ನು ಬೇಕೆಂದೇ ಗಿಡ್ಡ ಇಟ್ಟಿರುತ್ತಾರೆ. ಸುಮಾರು ಕಾಲು ಟ್ಯಾಂಕಿಗಿಂತ ಕೆಳಗಿಳಿದರೆ ಜನರೇಟರ್‌ಗೆ ಪೆಟ್ರೋಲ್ ಎಟುಕುವುದಿಲ್ಲ, ಗಾಡಿ ಓಡಿಸಲು ಉಳಿಯಲಿ ಎಂದು. ಇಳಿಜಾರಿನಲ್ಲಿ ನಿಲ್ಲಿಸಿದ್ದರೆ ಇನ್ನೂ ಬೇಗ ಕೈಕೊಡುತ್ತದೆ. ಆಮೇಲೆ ಇಂಜಿನ್ ಆಯಿಲ್ ಮಟ್ಟ ನೋಡಿ, ಎಸಿಯಂಥ ಲೋಡ್‌ಗಳನ್ನೆಲ್ಲ ಆಫ್ ಮಾಡಿ.

ಇನ್ನು ಬ್ಯಾಟರಿ. ಚಾರ್ಜರ್ ತೆಗೆದು ಒಂದಷ್ಟು ಹೊತ್ತು ಬಿಟ್ಟು ಅಳೆದರೆ 12.6 ವೋಲ್ಟ್ ಆಸುಪಾಸು ಇರಬೇಕು, ಸೆಲ್ಫ್ ಹೊಡೆಯುವಾಗ 10ಕ್ಕಿಂತ ಕೆಳಗೆ ಹೋಗಬಾರದು. ಬ್ಯಾಟರಿ ಸರಿಯಿದ್ದೂ ಇಂಜಿನ್ ನಿಧಾನ ತಿರುಗಿದರೆ ಅರ್ತಿಂಗ್, ಅಂದರೆ ಇಂಜಿನ್ನಿನಿಂದ ಬ್ಯಾಟರಿಯ ನೆಗೆಟಿವ್‌ಗೆ ಕರೆಂಟ್ ಮರಳುವ ದಾರಿಯನ್ನು ಅನುಮಾನಿಸಿ. ಮಲ್ಟಿಮೀಟರ್‌ನ ಒಂದು ತಂತಿಯ ಮೊನೆ ಬ್ಯಾಟರಿಯ ನೆಗೆಟಿವ್ ಮೇಲೆ, ಇನ್ನೊಂದು ಜನರೇಟರ್ ಇಂಜಿನ್ನಿನ ಬರೀ ಲೋಹದ ಮೇಲೆ ಇಟ್ಟು ಸೆಲ್ಫ್ ಹೊಡೆಸಿ. 0.3 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅರ್ತ್ ಕೇಬಲ್ಲಿನ ಬೋಲ್ಟ್ ತುಕ್ಕು ಹಿಡಿದಿದೆ ಎಂದೇ ಲೆಕ್ಕ. ಜನರೇಟರ್ ಗಾಡಿಯ ಅಡಿಯಲ್ಲಿದ್ದರೆ ರಸ್ತೆಯ ನೀರು, ಕೆಸರೆಲ್ಲ ಅಲ್ಲಿಗೇ ಸಿಡಿಯುತ್ತದೆ. ಕೇಬಲ್ ಬಿಚ್ಚಿ, ಉಜ್ಜಿ, ಮತ್ತೆ ಬಿಗಿ ಮಾಡಿ. ಅದಕ್ಕೂ ಮುನ್ನ ಬ್ಯಾಟರಿಯ ನೆಗೆಟಿವ್ ಕಳಚಿಡಿ. ಸೆಲ್ಫ್ ಹೊಡೆಯುವುದೂ ಒಂದು ಸಲಕ್ಕೆ 10 ಸೆಕೆಂಡು ಸಾಕು. ಮಧ್ಯೆ ಬಿಡುವು ಕೊಡದಿದ್ದರೆ ಸ್ಟಾರ್ಟರ್ ಮೋಟರ್ ಸುಡುತ್ತದೆ.

ಬೆಳಗ್ಗೆ ಮಾತ್ರ ಹಟ ಮಾಡುವ ಜನರೇಟರ್‌ನ ಗುಟ್ಟು ಬಿಡಿಸುವುದು ಪ್ರೈಮಿಂಗ್, ಅಂದರೆ ಸ್ಟಾರ್ಟ್ ಮಾಡುವ ಮುನ್ನವೇ ಪಂಪ್ ಓಡಿಸಿ ಪೈಪಿಗೆ ಪೆಟ್ರೋಲ್ ತುಂಬಿಸುವುದು. ಹಲವು ಮಾಡೆಲ್‌ಗಳಲ್ಲಿ ಸ್ಟಾಪ್ ಸ್ವಿಚ್ಚನ್ನೇ ಒತ್ತಿ ಹಿಡಿದರೆ ಪೆಟ್ರೋಲ್ ಪಂಪ್ ಟಿಕ್ ಟಿಕ್ ಎಂದು ಓಡತೊಡಗುತ್ತದೆ. ಅರ್ಧ ನಿಮಿಷ ಹಾಗೆ ಹಿಡಿದು ಆಮೇಲೆ ಸ್ಟಾರ್ಟ್ ಮಾಡಿ. ತಕ್ಷಣ ಹತ್ತಿತೆಂದರೆ ಬ್ಯಾಟರಿ, ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್, ಕಾರ್ಬ್ಯುರೇಟರ್ ಎಲ್ಲವೂ ಚೆನ್ನಾಗಿವೆ. ಪೈಪಿನಲ್ಲಿದ್ದ ಪೆಟ್ರೋಲ್ ರಾತ್ರಿ ಟ್ಯಾಂಕಿಗೆ ವಾಪಸ್ ಇಳಿದಿದೆ, ಅಷ್ಟೇ.

ಇಳಿಯಬೇಕಾದರೆ ಎಲ್ಲಿಂದಲೋ ಗಾಳಿ ಒಳಗೆ ಬರುತ್ತಿರಬೇಕು. ಟ್ಯಾಂಕಿನಿಂದ ಪಂಪ್‌ವರೆಗಿನ ರಬ್ಬರ್ ಪೈಪ್ ಎಳೆತದ ಬದಿಯಲ್ಲಿದೆ, ಅಂದರೆ ಪಂಪ್ ಪೆಟ್ರೋಲನ್ನು ಹೀರಿಕೊಳ್ಳುವ ಕಡೆ. ಅಲ್ಲಿ ಸೀಳು ಬಿಟ್ಟರೆ ಪೆಟ್ರೋಲ್ ಹೊರಗೆ ತೊಟ್ಟಿಕ್ಕದೆ ಗಾಳಿ ಒಳಗೆ ಹೋಗಬಹುದು. ನೆಲ ಒಣಗಿದೆ, ವಾಸನೆಯೂ ಇಲ್ಲ ಎಂದು ಪೈಪನ್ನು ಬಿಟ್ಟು ಬೇರೆಲ್ಲ ಕಡೆ ಹುಡುಕುವಂತಾಗುವುದು ಇದರಿಂದಲೇ. ಕ್ಲಾಂಪ್ ಸಡಿಲಿಸಿ ಪೈಪಿನ ತುದಿಯನ್ನು ಬೆರಳಲ್ಲಿ ಬಗ್ಗಿಸಿ ನೋಡಿ. ನೇರವಾಗಿದ್ದಾಗ ನುಣುಪಾಗಿ ಕಂಡ ರಬ್ಬರ್ ಬಾಗಿದೊಡನೆ, ಕ್ಲಾಂಪ್ ಕೂತಿದ್ದ ಗೆರೆಯುದ್ದಕ್ಕೂ ಕೂದಲೆಳೆಯ ಸೀಳುಗಳು ಬಾಯಿ ತೆರೆಯುತ್ತವೆ. ಆ ತುದಿಯಷ್ಟನ್ನೇ ಕತ್ತರಿಸಿ ಸಿಕ್ಕಿಸುವುದು ಬೇಡ, ಪೈಪ್ ಪೂರ್ತಿ ಬದಲಿಸಿ. ಒಳವ್ಯಾಸ ಹಳೆಯದರಷ್ಟೇ ಇರಲಿ, ಎಥನಾಲ್ ಬೆರೆತ ಪೆಟ್ರೋಲ್ ತಡೆಯುವಂಥದ್ದಾಗಿರಲಿ. ಕ್ಲಾಂಪ್ ಅತಿಯಾಗಿ ಬಿಗಿದರೆ ಹೊಸ ರಬ್ಬರನ್ನೂ ಕೊಯ್ಯುತ್ತದೆ. ಹೇಗೂ ಬಿಚ್ಚಿದ್ದೀರಿ, ಫ್ಯೂಯೆಲ್ ಫಿಲ್ಟರನ್ನೂ ಹೊಸದು ಹಾಕಿಬಿಡಿ. ಈ ಕೆಲಸ ಇಂಜಿನ್ ಪೂರ್ತಿ ತಣಿದ ಮೇಲೆ, ಬಯಲಿನಲ್ಲಿ, ಹತ್ತಿರ ಗ್ಯಾಸ್ ಒಲೆ ಉರಿಯದಂತೆ ನೋಡಿಕೊಂಡು ಮಾಡತಕ್ಕದ್ದು.

ಪ್ರೈಮ್ ಮಾಡಿದರೂ ಹತ್ತಲಿಲ್ಲವೇ? ಸೆಲ್ಫ್ ಹೊಡೆದ ಕೂಡಲೇ ಪ್ಲಗ್ ಬಿಚ್ಚಿ. ಒಣಗಿದ್ದರೆ ಪೆಟ್ರೋಲ್ ಸಿಲಿಂಡರ್ ಮುಟ್ಟುತ್ತಿಲ್ಲ. ಒದ್ದೆಯಿದ್ದರೆ ಕಿಡಿ ಇಲ್ಲ, ಇಲ್ಲವೇ ಪೆಟ್ರೋಲ್ ಅತಿಯಾಗಿ ನುಗ್ಗಿದೆ. ಕಪ್ಪು ಮಸಿ ಕಟ್ಟಿದ್ದರೆ ಚೋಕ್ (ಕಾರ್ಬ್ಯುರೇಟರ್‌ಗೆ ಹೋಗುವ ಗಾಳಿ ತಡೆಯುವ ತಗಡು) ತೆರೆಯದೆ ಸಿಕ್ಕಿಕೊಂಡಿರಬಹುದು, ಏರ್ ಫಿಲ್ಟರ್ ಕಟ್ಟಿರಲೂಬಹುದು. ಏರ್ ಫಿಲ್ಟರ್ ತೆಗೆದು ಚೋಕ್ ತಗಡು ನೋಡಿ: ತಣ್ಣಗಿರುವಾಗ ಬಹುಮಟ್ಟಿಗೆ ಮುಚ್ಚಿರಬೇಕು, ಬಿಸಿಯಾದಂತೆ ತೆರೆದುಕೊಳ್ಳಬೇಕು.

ಹತ್ತಿದ ಇಂಜಿನ್ ಸ್ಟಾರ್ಟ್ ಸ್ವಿಚ್ ಬಿಟ್ಟ ಕ್ಷಣವೇ ನಿಂತರೆ ಹುಡುಕಾಟದ ದಿಕ್ಕೇ ಬೇರೆ. ಆಯಿಲ್ ಒತ್ತಡ ಇಳಿದರೆ ಇಂಜಿನ್ ನಿಲ್ಲಿಸುವ ಆಯಿಲ್ ಪ್ರೆಶರ್ ಸ್ವಿಚ್, ಇಲ್ಲವೇ ಕರೆಂಟ್ ಹುಟ್ಟುತ್ತಿದೆ ಎಂದು ಕಂಟ್ರೋಲ್ ಬೋರ್ಡ್‌ಗೆ ತಿಳಿಸುವ ತಂತಿ ನೋಡಬೇಕು.

ಕಾರ್ಬ್ಯುರೇಟರ್ ಸರದಿ ಬರುವುದು ಗಾಡಿ ತಿಂಗಳುಗಟ್ಟಲೆ ನಿಂತಿದ್ದಾಗ. ಹಳೆಯ ಪೆಟ್ರೋಲ್ ಅಂಟಾಗಿ, ಕಾರ್ಬ್ಯುರೇಟರ್‌ನೊಳಗೆ ಪೆಟ್ರೋಲ್ ಹಾಯುವ ಜೆಟ್‌ನ ಸಣ್ಣ ರಂಧ್ರ ಮುಚ್ಚುತ್ತದೆ. ಇಂಜಿನ್ ಒಂದೇ ಸಮ ಓಡದೆ ಏರಿಳಿಯುವುದು ಅದರ ಗುರುತು. ಇದನ್ನು ತಪ್ಪಿಸಲು ತಿಂಗಳಿಗೊಮ್ಮೆ ಎರಡು ಗಂಟೆ, ಅರ್ಧ ಲೋಡ್ ಹಾಕಿ ಓಡಿಸಿ. ನಿಲ್ಲಿಸುವ ಮುನ್ನ ಲೋಡ್ ತೆಗೆದು ಕೆಲವು ನಿಮಿಷ ಖಾಲಿ ಓಡಲಿ. ಮುಚ್ಚಿದ ಶೆಡ್ಡಿನೊಳಗೆ ಮಾತ್ರ ಎಂದೂ ಬೇಡ: ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಗಾಡಿಯೊಳಗಿನ ಅದರ ಅಲಾರಂ ಕೆಲಸ ಮಾಡುತ್ತಿದೆಯೇ ಎಂದು ಪ್ರತಿ ಸಲ ಟೆಸ್ಟ್ ಬಟನ್ ಒತ್ತಿ ನೋಡಿಯೇ ಜನರೇಟರ್ ಸ್ಟಾರ್ಟ್ ಮಾಡಿ.