ರ‍್ಯಾಪ್ ಹಾಡಿನ ‘ನಾನು’ ಯಾರು?

ನಾನಿರುವ, ನ್ಯೂಯಾರ್ಕ್ ನಗರದ ಭಾಗವಾದ ಬ್ರಾಂಕ್ಸ್‌ನಲ್ಲಿ ರ‍್ಯಾಪ್ ಹುಟ್ಟಿತು ಅಂತ ಎಲ್ಲರಿಗೂ ಗೊತ್ತು. ಅದು ಹುಟ್ಟಿದಾಗ ಬ್ರಾಂಕ್ಸ್ ಹೇಗಿತ್ತು ಅನ್ನುವುದನ್ನು ಹೇಳುವವರು ಕಡಿಮೆ. ಊರಿನ ಗೆಳೆಯರು ಫೋನ್ ಮಾಡಿದಾಗ, “ಅದರಲ್ಲಿ ಬರೀ ಬೈಗುಳ, ದುಡ್ಡಿನ ಜಂಬ ಅಲ್ಲವಾ?” ಅಂತ ಕೇಳುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

1948ರಲ್ಲಿ ರಾಬರ್ಟ್ ಮೋಸಸ್ ಎಂಬ ಪ್ರಬಲ ಅಧಿಕಾರಿ ಈ ಬಡಾವಣೆಗಳ ನಟ್ಟನಡುವೆ ಕ್ರಾಸ್ ಬ್ರಾಂಕ್ಸ್ ಹೆದ್ದಾರಿ ಹಾಕಿಸಲು ಶುರುಮಾಡಿದ. ಈಸ್ಟ್ ಟ್ರೆಮಾಂಟ್‌ನಲ್ಲಿ ಒಂದೇ ಒಂದು ಮೈಲಿ ರಸ್ತೆಗಾಗಿ ಸುಮಾರು 1500 ಕುಟುಂಬಗಳು ಮನೆ ಕಳೆದುಕೊಂಡವು. ಕಪ್ಪು ಜನ, ಪೋರ್ಟೊರಿಕೊ ಜನ ಇರುವ ಕೇರಿಗಳಿಗೆ ಬ್ಯಾಂಕುಗಳು ಸಾಲ ಕೊಡುತ್ತಿರಲಿಲ್ಲ. ಬಾಡಿಗೆಯಿಂದ ಲಾಭ ಹುಟ್ಟದಿದ್ದಾಗ ಕೆಲವು ಮಾಲೀಕರು ವಿಮೆ ಹಣಕ್ಕಾಗಿ ತಮ್ಮ ಕಟ್ಟಡಗಳಿಗೆ ತಾವೇ ಬೆಂಕಿ ಹಾಕಿಸಿದರು. ಅದೇ ಹೊತ್ತಿಗೆ ನಗರಾಡಳಿತ ಖರ್ಚು ಕಡಿತದ ಹೆಸರಿನಲ್ಲಿ ಇಲ್ಲಿನ ಅಗ್ನಿಶಾಮಕ ಠಾಣೆಗಳನ್ನು ಮುಚ್ಚಿತು. 1970ರಿಂದ 1980ರೊಳಗೆ ಬ್ರಾಂಕ್ಸ್‌ನ 7 ಜನಗಣತಿ ವಲಯಗಳು ತಮ್ಮ ಕಟ್ಟಡಗಳಲ್ಲಿ ಶೇ. 97ಕ್ಕೂ ಹೆಚ್ಚನ್ನು ಕಳೆದುಕೊಂಡವು. 1977ರ ಅಕ್ಟೋಬರಿನಲ್ಲಿ ಅಧ್ಯಕ್ಷ ಕಾರ್ಟರ್ ಷಾರ್ಲೆಟ್ ಸ್ಟ್ರೀಟ್‌ಗೆ ಬಂದು ಇಟ್ಟಿಗೆ ರಾಶಿಯ ನಡುವೆ ನಿಂತಾಗ ಉಳಿದ ದೇಶ ಇತ್ತ ತಿರುಗಿ ನೋಡಿತು.

ರ‍್ಯಾಪ್ ಯಾವುದರ ಭಾಗವೋ ಆ ಹಿಪ್‌ಹಾಪ್ ಎಂಬ ಹಾಡು-ಕುಣಿತದ ಸಂಸ್ಕೃತಿ ಆ ಹೊತ್ತಿಗಾಗಲೇ ಹುಟ್ಟಿತ್ತು. 1973ರ ಆಗಸ್ಟ್ 11ರಂದು, ಅದೇ ಹೆದ್ದಾರಿಯ ಪಕ್ಕದ 1520 ಸೆಜ್‌ವಿಕ್ ಅವೆನ್ಯೂ ಕಟ್ಟಡದಲ್ಲಿ, ಜಮೈಕಾದಿಂದ ಬಂದ ಕುಟುಂಬದ ಹುಡುಗಿಯೊಬ್ಬಳು ಶಾಲೆ ಶುರುವಾಗುವ ಮುಂಚೆ ಪಾರ್ಟಿ ಇಟ್ಟುಕೊಂಡಳು. ಅಣ್ಣ ಕೂಲ್ ಹರ್ಕ್ ರೆಕಾರ್ಡ್ ತಿರುಗಿಸುವ ಎರಡು ಟರ್ನ್‌ಟೇಬಲ್ ಇಟ್ಟು ಹಾಡುಗಳ ತಾಳದ ತುಣುಕನ್ನಷ್ಟೇ ಮತ್ತೆ ಮತ್ತೆ ನುಡಿಸಿದ. ಅಲ್ಲಿ ಪ್ರತಿಭಟನೆ ಇರಲಿಲ್ಲ, ಕುಣಿತ ಇತ್ತು. ಸುತ್ತ ಮನೆಗಳು ಉರಿಯುತ್ತಿರುವಾಗ ಮಕ್ಕಳು ಕುಣಿಯಲು ಒಂದು ಜಾಗ ಮಾಡಿಕೊಂಡದ್ದೂ ಸಣ್ಣ ಮಾತಲ್ಲ ಅನ್ನಿಸುತ್ತದೆ ನನಗೆ.

ಅನ್ಯಾಯವನ್ನು ತಾಳಕ್ಕೆ ಕೂರಿಸುವ ಕೆಲಸವನ್ನು ಕವಿಗಳು ಅದಕ್ಕೂ ಮೊದಲೇ ಮಾಡಿದ್ದರು. 1968ರ ಮೇ 19ರಂದು, ಕಪ್ಪು ಜನರ ನಾಯಕ ಮಾಲ್ಕಮ್ ಎಕ್ಸ್‌ನ ಹುಟ್ಟುಹಬ್ಬದಂದು, ನ್ಯೂಯಾರ್ಕಿನ ಹಾರ್ಲೆಮ್‌ನ ಪಾರ್ಕೊಂದರಲ್ಲಿ ‘ಲಾಸ್ಟ್ ಪೊಯೆಟ್ಸ್’ ಗುಂಪು ಡ್ರಮ್ಮಿನ ಜೊತೆ ಕವಿತೆ ಹೇಳಿತು. ತಮಟೆಯೊಂದಿಗೆ ಹೋರಾಟದ ಹಾಡು ಕೇಳಿದವರಿಗೆ ಅದರ ಬಿಸಿ ಹೇಗಿರುತ್ತದೆ ಅಂತ ನಾನು ಹೇಳಬೇಕಿಲ್ಲ. ಅದಾದ ಎರಡು ವರ್ಷಕ್ಕೆ ಕವಿ ಗಿಲ್ ಸ್ಕಾಟ್-ಹೆರಾನ್ ಅಮೆರಿಕದವರು ಚಂದ್ರನ ಮೇಲಿಳಿದದ್ದರ ಬಗ್ಗೆ ಒಂದು ಕವಿತೆ ಹೇಳಿದ. ಅದರಲ್ಲಿ ತಂಗಿ ನೆಲ್‌ಗೆ ಇಲಿ ಕಚ್ಚಿದೆ. ಅವಳ ಮುಖ, ತೋಳು ಊದಿಕೊಂಡಿವೆ. ಡಾಕ್ಟರ ಬಿಲ್ ಕಟ್ಟಲು ದುಡ್ಡಿಲ್ಲ. ಬಿಳಿಯ ಮಾತ್ರ ಚಂದ್ರನ ಮೇಲಿದ್ದಾನೆ. ಬಿಸಿನೀರಿಲ್ಲ, ದೀಪವಿಲ್ಲ, ಬಾಡಿಗೆ ಏರಿದೆ. ಬಿಳಿಯ ಚಂದ್ರನ ಮೇಲಿದ್ದಾನೆ. ಅಸಮಾನತೆ, ಶೋಷಣೆ ಅನ್ನುವ ಪದಗಳೇ ಆ ಕವಿತೆಯಲ್ಲಿಲ್ಲ. ಒಂದು ಇಲಿ, ಒಂದು ಬಿಲ್, ಒಬ್ಬ ತಂಗಿ, ಇಷ್ಟೇ. ಸರ್ಕಾರದ ದುಡ್ಡು ಎಲ್ಲಿಗೆ ಹೋಯಿತು ಅನ್ನುವುದು ಕೇಳಿದವರಿಗೆ ತಾನಾಗಿಯೇ ತಿಳಿಯುತ್ತದೆ.

ರ‍್ಯಾಪ್ ಈ ದಾರಿಗೆ ಬಂದದ್ದು 1982ರಲ್ಲಿ, ‘ದಿ ಮೆಸೇಜ್’ ಹಾಡಿನಿಂದ. ರೆಕಾರ್ಡಿನ ಮೇಲೆ ಗ್ರಾಂಡ್‌ಮಾಸ್ಟರ್ ಫ್ಲ್ಯಾಶ್ ತಂಡದ ಹೆಸರಿದ್ದರೂ ಹಾಡಿದ ಮುಖ್ಯ ದನಿಗಳು ಮೆಲ್ಲಿ ಮೆಲ್ ಮತ್ತು ಡ್ಯೂಕ್ ಬೂಟೀ ಎಂಬಿಬ್ಬರದು. ಕುಣಿಯುವ ಜನಕ್ಕೆ ಇಂಥ ಹಾಡು ಯಾರಿಗೆ ಬೇಕು ಅಂತ ತಂಡದವರೇ ಹಿಂಜರಿದಿದ್ದರು. ಅದರ ತಾಳ ರ‍್ಯಾಪ್‌ಗೆ ಆಗ ಅಭ್ಯಾಸವಿದ್ದದ್ದಕ್ಕಿಂತ ನಿಧಾನ, ಆದ್ದರಿಂದ ಒಂದು ಮಾತೂ ಕಿವಿ ತಪ್ಪುವುದಿಲ್ಲ. ಎಲ್ಲಿ ನೋಡಿದರೂ ಒಡೆದ ಗಾಜು, ಮೆಟ್ಟಿಲ ಮೇಲೆ ಮೂತ್ರ, ಮುಂದಿನ ಕೋಣೆಯಲ್ಲಿ ಇಲಿ, ಹಿಂದಿನದರಲ್ಲಿ ಜಿರಳೆ. ಸಾಲ ವಸೂಲಿಯವರು ಫೋನ್ ಮಾಡಿ ಹೆಂಡತಿಯನ್ನು ಹೆದರಿಸುತ್ತಾರೆ. ಇಲ್ಲಿಂದ ತಪ್ಪಿಸಿಕೊಂಡು ಹೋಗೋಣವೆಂದರೆ ಕಂತು ಬಾಕಿಯೆಂದು ಕಾರನ್ನೇ ಎಳೆದುಕೊಂಡು ಹೋಗಿದ್ದಾರೆ.

ಕೊನೆಯ ಚರಣದಲ್ಲಿ ಹಾಡು ‘ನಾನು’ ಬಿಟ್ಟು ‘ನೀನು’ ಅನ್ನತೊಡಗುತ್ತದೆ. ಏನೂ ಅರಿಯದೆ ಹುಟ್ಟಿದ ಕೂಸು ಬೆಳೆಯುತ್ತದೆ, ಬೀದಿಯ ದಂಧೆಕೋರರನ್ನು ಕಂಡು ಬೆರಗಾಗುತ್ತದೆ, ಶಾಲೆ ಬಿಡುತ್ತದೆ, ಕಳ್ಳತನಕ್ಕಿಳಿಯುತ್ತದೆ, ಜೈಲು ಸೇರಿ ಕಡೆಗೆ ಸೆಲ್ಲಿನೊಳಗೆ ನೇಣಿಗೆ ಕೊರಳು ಕೊಡುತ್ತದೆ. ಅಳು, ಆಕ್ರೋಶ ಯಾವುದೂ ಇಲ್ಲದೆ, ಮುಂದೇನಾಗುತ್ತದೆಂದು ಗೊತ್ತಿರುವವರು ಹೇಳುವ ಹಾಗೆ ಮೆಲ್ಲಿ ಮೆಲ್ ಅದನ್ನು ಹೇಳುತ್ತಾನೆ. ನನಗೆ ಮಾತ್ರ ಇವತ್ತಿಗೂ ಆ ಚರಣವನ್ನು ಕೆಲಸ ಮಾಡುತ್ತಾ ಕೇಳಲು ಆಗುವುದಿಲ್ಲ.

ಇದೇ ಬಗೆಯ ಇನ್ನೊಂದು ಕವಿತೆ ಷಿಕಾಗೋದ ಗ್ವೆಂಡೊಲಿನ್ ಬ್ರೂಕ್ಸ್ ಅವರದು. ಕವಿತೆಗೆ ಪುಲಿಟ್ಜರ್ ಪ್ರಶಸ್ತಿ ಪಡೆದ ಮೊದಲ ಕಪ್ಪು ಲೇಖಕಿ ಅವರು, 1950ರಲ್ಲಿ. ಶಾಲೆ ತಪ್ಪಿಸಿ ಬಿಲಿಯರ್ಡ್ಸ್ ಆಡುವ 7 ಹುಡುಗರು ‘ನಾವು’, ‘ನಾವು’ ಅಂತ ಬೀಗುತ್ತಾ ಎಂಟು ಪುಟ್ಟ ಸಾಲುಗಳಲ್ಲಿ ತಮ್ಮ ಸಾವಿಗೇ ಬಂದು ನಿಲ್ಲುತ್ತಾರೆ. ಕವಯಿತ್ರಿ ಆ ಹುಡುಗರಲ್ಲಿ ಒಬ್ಬರಲ್ಲ. ಆದರೂ ‘ಅವರು’ ಅನ್ನುವುದಿಲ್ಲ.

ಇದು ನನಗೆ ಪೂರ್ತಿ ಅರ್ಥವಾದದ್ದು ಇಲ್ಲಿನ ಲೈಬ್ರರಿಯಲ್ಲಿ ನಡೆಯುವ ಹದಿಹರೆಯದವರ ಕವಿತಾ ಸಂಜೆಯೊಂದರಲ್ಲಿ. ನ್ಯೂಯಾರ್ಕಿನಲ್ಲಿ ಅಕ್ಟೋಬರ್ 1ರಿಂದ ಮೇ 31ರವರೆಗೆ ಬಾಡಿಗೆ ಮನೆಗಳಿಗೆ ಮಾಲೀಕರು ಹೀಟಿಂಗ್ ಕೊಡಲೇಬೇಕು. ಹಗಲಲ್ಲಿ ಹೊರಗಿನ ಉಷ್ಣಾಂಶ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ (ಸುಮಾರು 13 ಸೆಲ್ಸಿಯಸ್) ಇಳಿದರೆ ಒಳಗೆ ಕನಿಷ್ಠ 68 (20 ಸೆಲ್ಸಿಯಸ್) ಇರಬೇಕು. ಕೊಡದಿದ್ದರೆ ನಗರಾಡಳಿತದ ಸಹಾಯವಾಣಿ 311ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಆ ಸಂಜೆ ಒಬ್ಬ ಹುಡುಗ ಎದ್ದು ನಿಂತ. ಜೇಬಿನಿಂದ ಫೋನ್ ತೆಗೆದ, ಬೀಟ್ ಹಾಕಲಿಲ್ಲ, ಬೆರಳಿನಿಂದ ಮೇಜು ತಟ್ಟುತ್ತಾ ಹೇಳಿದ. ರೇಡಿಯೇಟರ್ ತಣ್ಣಗಿದೆ. ಒಲೆಯ ನಾಲ್ಕೂ ಬರ್ನರ್ ಹಚ್ಚಿ, ಓವನ್ ಬಾಗಿಲು ತೆರೆದಿಟ್ಟು, ಕೋಟು ಹಾಕಿಕೊಂಡೇ ಮಲಗಿದ್ದೇನೆ. ಮಂಡಿ ನೋಯುತ್ತದೆ. ಮಗ ಬೇರೆ ರಾಜ್ಯದಲ್ಲಿದ್ದಾನೆ. ಪ್ರತಿ ಚರಣ ಮುಗಿದಾಗಲೂ ದೂರಿನ ಲೈನಿನಲ್ಲಿ ಉತ್ತರಿಸುವವರ ದನಿಯಲ್ಲಿ “ನಿಮ್ಮ ದೂರು ದಾಖಲಾಗಿದೆ” ಅನ್ನುತ್ತಿದ್ದ. ಮೊದಲ ಸಲ ಎಲ್ಲರೂ ನಕ್ಕರು. ಮೂರನೆಯ ಸಲ ಯಾರೂ ನಗಲಿಲ್ಲ.

ಮಂಡಿ ನೋವು, ಬೇರೆ ರಾಜ್ಯದ ಮಗ. ಹುಡುಗನಿಗೆ ಹದಿನಾರೂ ಇರಲಾರದು. ಆಮೇಲೆ ಕೇಳಿದೆ. ಅವನ ಮನೆಯ ಮೇಲಿನ ಅಂತಸ್ತಿನ ಅಜ್ಜಿಯ ಕತೆಯಂತೆ ಅದು. “ಅವರು ಬರೆಯಲ್ಲ, ಅದಕ್ಕೆ ನಾನು ಬರೆದೆ” ಅಂದ.

ಸಂಕಟವನ್ನು ಹೇಳುವ ಒಳ್ಳೆಯ ರ‍್ಯಾಪಿನ ‘ನಾನು’ ಅನೇಕ ಸಲ ಇಂಥದ್ದೇ. ಒಬ್ಬ ತನ್ನ ಗಂಟಲನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟಿರುತ್ತಾನೆ. ಎಲ್ಲ ರ‍್ಯಾಪೂ ಹೀಗೆ ಅಂತ ನಾನು ಹೇಳುತ್ತಿಲ್ಲ. ಹೆಂಗಸರನ್ನು ಹೀನಾಯವಾಗಿ ಕರೆಯುವ ಹಾಡುಗಳು ರಾಶಿ ಇವೆ, ಅವನ್ನು ನಾನು ಸಮರ್ಥಿಸುವುದಿಲ್ಲ. ಅವಕ್ಕೆ ಉತ್ತರವೂ ರ‍್ಯಾಪಿನೊಳಗಿಂದಲೇ ಬಂತು. ಬೀದಿಯಲ್ಲಿ ಮೈಮುಟ್ಟಿದವನನ್ನು ತಿರುಗಿ ನಿಂತು ಪ್ರಶ್ನಿಸುವ ಕ್ವೀನ್ ಲತೀಫಾ ಅವರ 1993ರ ‘ಯೂನಿಟಿ’ ಹಾಡಿಗೆ ಮುಂದೆ ಗ್ರ್ಯಾಮಿ ಸಿಕ್ಕಿತು.

ಈಗ ನನ್ನನ್ನು ಕಾಡುವ ವಿಷಯಕ್ಕೆ ಬರುತ್ತೇನೆ. ಈ ‘ನಾನು’ವನ್ನು ಅಮೆರಿಕದ ನ್ಯಾಯಾಲಯಗಳಲ್ಲಿ ತಪ್ಪೊಪ್ಪಿಗೆ ಎಂದು ಓದುತ್ತಾರೆ. ಕಪ್ಪು ಹುಡುಗನೊಬ್ಬನ ಮೇಲೆ ಮೊಕದ್ದಮೆ ಬಿದ್ದರೆ ಸರ್ಕಾರಿ ವಕೀಲರು ಅವನ ಹಾಡಿನ ಸಾಲುಗಳನ್ನು ತೀರ್ಪುಗಾರರ ಮುಂದೆ ಓದಿಬಿಡುತ್ತಾರೆ. ಅಟ್ಲಾಂಟಾದಲ್ಲಿ 2022ರಲ್ಲಿ ರ‍್ಯಾಪರ್ ಯಂಗ್ ಥಗ್ ಮತ್ತಿತರರ ಮೇಲೆ ಹೊರಿಸಿದ ಆರೋಪಪಟ್ಟಿಯಲ್ಲೇ ಹಾಡಿನ ಸಾಲುಗಳಿದ್ದವು. ಅಲ್ಲಿ ಯಾರು ತಪ್ಪಿತಸ್ಥರು ಅನ್ನುವುದು ನನ್ನ ಮಾತಲ್ಲ. ಪ್ರಾಸಕ್ಕಾಗಿ ಕಟ್ಟಿದ ಸಾಲು, ಇನ್ನೊಬ್ಬನ ಪಾತ್ರದಲ್ಲಿ ಆಡಿದ ಮಾತು, ಕೇರಿಯಲ್ಲಿ ಕೇಳಿದ ಕತೆ ಇವೆಲ್ಲ ಸಾಕ್ಷ್ಯವಾಗುವುದು ಹೇಗೆ ಅನ್ನುವುದಷ್ಟೇ ನನ್ನ ಪ್ರಶ್ನೆ.

ನ್ಯೂಜೆರ್ಸಿ ರಾಜ್ಯದ ಸುಪ್ರೀಂ ಕೋರ್ಟ್ ಇದನ್ನು 2014ರಲ್ಲೇ ಕೇಳಿತ್ತು. ಶೆರಿಫ್‌ಗೆ ಗುಂಡು ಹೊಡೆದೆ ಎಂದು ಹಾಡಿದ ಬಾಬ್ ಮಾರ್ಲಿ ನಿಜಕ್ಕೂ ಹೊಡೆದನೆಂದು ಯಾರೂ ಭಾವಿಸುವುದಿಲ್ಲ. ಕತೆಗಾರ ಎಡ್ಗರ್ ಅಲನ್ ಪೋ ತನ್ನ ಕತೆಯಲ್ಲಿರುವ ಹಾಗೆ ನೆಲದ ಹಲಗೆಯಡಿ ಹೆಣ ಹೂತಿದ್ದನೆಂದೂ ಭಾವಿಸುವುದಿಲ್ಲ. ಅಪರಾಧಕ್ಕೂ ಸಾಲಿಗೂ ನೇರ, ಗಟ್ಟಿಯಾದ ನಂಟು ಇಲ್ಲದೆ ಅದನ್ನು ಸಾಕ್ಷ್ಯವಾಗಿ ತರುವಂತಿಲ್ಲ ಎಂದು ಆ ಕೋರ್ಟ್ ಹೇಳಿತು. 2022ರಲ್ಲಿ ಕ್ಯಾಲಿಫೋರ್ನಿಯಾ ಇದಕ್ಕೆ ಕಡಿವಾಣ ಹಾಕುವ ಕಾನೂನನ್ನೇ ತಂದಿತು. ರ‍್ಯಾಪ್ ಹುಟ್ಟಿದ ನ್ಯೂಯಾರ್ಕಿನಲ್ಲಿ ಅಂಥದೇ ಮಸೂದೆಯನ್ನು ಅದೇ ವರ್ಷ ರಾಜ್ಯ ಶಾಸನಸಭೆಯ ಒಂದು ಸದನವಾದ ಸೆನೆಟ್ ಒಪ್ಪಿತು, ಇನ್ನೊಂದು ಸದನವಾದ ಅಸೆಂಬ್ಲಿ ದಾಟಿಸಲಿಲ್ಲ.

ನಮ್ಮ ಕ್ಷೇತ್ರದ ಅಸೆಂಬ್ಲಿ ಕಚೇರಿಗೆ ಈ ಬಗ್ಗೆ ಪತ್ರ ಬರೆದಿದ್ದೇನೆ. ನನಗಿಲ್ಲಿ ಮತದ ಹಕ್ಕಿಲ್ಲ, ತೆರಿಗೆ ಕಟ್ಟುವ ನಿವಾಸಿ ಅಷ್ಟೇ. ಆ ಹುಡುಗನ ಹೆಸರು ಹಾಕದೆ ಅವನ ಹಾಡಿನ ವಿಷಯ ಹೇಳಿ, ನಾಳೆ ಇದೇ ಹುಡುಗ ಪಕ್ಕದ ಬೀದಿಯ ಗುಂಡಿನ ಸದ್ದನ್ನು ‘ನಾನು’ ಎಂದು ಬರೆದರೆ ಅವನಿಗೆ ರಕ್ಷಣೆ ಏನು ಅಂತ ಕೇಳಿದ್ದೇನೆ. ಉತ್ತರ ಬಂದರೆ ಇಲ್ಲಿಯೇ ಹಾಕುತ್ತೇನೆ.